ಒಂದು ಪೈಸೆ ಚಿಲ್ಲರೆಯ ಬೆಳಕು

ಕಳೆದ ಸಂಚಿಕೆಯಲ್ಲಿ ರೇಡಿಯೊ ರಿಸೀವರುಗಳ ಬಗ್ಗೆ ಬರೆಯುತ್ತಾ ಕೊನೆಗೆ ಒಂದು ಸಾಲು ಸೇರಿಸಿದ್ದೆ: ‘ಈಗಿನವರು ಹಿಗ್ಗಿಸಿದ ಪರಮಾಣುಗಳ ಮೂಲಕ ಮೈಕ್ರೋವೇವನ್ನೇ ಬೆಳಕಾಗಿಸುತ್ತಿದ್ದಾರೆ.’ ಜಾಗ ತುಂಬಲು ಬರೆದ ಸಾಲು ಅದು. ಆದರೆ ಈ ತಿಂಗಳು ಬಂದ ಪತ್ರಗಳೆಲ್ಲ ಆ ಸಾಲಿನ ಬಗ್ಗೆಯೇ ಇವೆ. ಮಾಡಿದ್ದುಣ್ಣೋ ಮಹರಾಯ. ಈ ಸಲ ಬೇರೆ ವಿಷಯವಿಲ್ಲ.

ಪ್ರಶ್ನೆ: ನಮ್ಮ ಮನೆಯ ಮೈಕ್ರೋವೇವ್ ಓವನ್ನಿನ ಒಳಗೂ ಬೆಳಕು ಬರುತ್ತದೆ. ನೀವು ಹೇಳಿದ್ದು ಅದಕ್ಕಿಂತ ಹೇಗೆ ಬೇರೆ? ಒಂಬತ್ತನೆಯ ತರಗತಿಯ ಮಕ್ಕಳಿಗೆ ಹೇಳುವಷ್ಟು ಸರಳವಾಗಿ ಬರೆಯಿರಿ.
— ವಿಜ್ಞಾನ ಶಿಕ್ಷಕಿ, ಡೊಂಬಿವಲಿ

ಉತ್ತರ: ಓವನ್ನಿನೊಳಗೆ ಕಾಣುವುದು ಅನ್ನ ಬಿಸಿಯಾಗಿದೆಯೇ ಎಂದು ನೋಡಲು ಇಟ್ಟ ಬಲ್ಬು, ಮೇಡಂ. ಅದಕ್ಕೂ ಮೈಕ್ರೋವೇವಿಗೂ ಸಂಬಂಧವಿಲ್ಲ. ಆದರೆ ನಿಮ್ಮ ಪ್ರಶ್ನೆಯ ಒಳಗೆ ಇನ್ನೊಂದು ಒಳ್ಳೆಯ ಪ್ರಶ್ನೆ ಅಡಗಿದೆ. ಮೈಕ್ರೋವೇವಿನಿಂದ ಒಂದು ತಂತಿಯನ್ನು ಕಾಯಿಸಿ ಕೆಂಪಗೆ ಮಾಡಿದರೆ ಅದೂ ಬೆಳಕೇ ಅಲ್ಲವೇ? ಹೌದು, ಬೆಳಕೇ. ಆದರೆ ಆ ಮೈಕ್ರೋವೇವಿನ ಮೇಲೆ ಹಾಡು ಸವಾರಿ ಮಾಡುತ್ತಿದ್ದರೆ ತಂತಿಯ ಶಾಖದಲ್ಲಿ ಅದು ಸುಟ್ಟುಹೋಗುತ್ತದೆ. ಅಲೆಯ ಏರಿಳಿತದ ಹೆಜ್ಜೆ ಹೆಜ್ಜೆಯೂ ಹಾಗೆಯೇ ಉಳಿಯಬೇಕು, ಬದಲಾಗಬೇಕಾದದ್ದು ಅದು ಕಂಪಿಸುವ ವೇಗ ಮಾತ್ರ. ಕಷ್ಟ ಇರುವುದು ಇಲ್ಲಿ.

ಪರಮಾಣುವಿನಲ್ಲಿ ಎಲೆಕ್ಟ್ರಾನ್ ಮೆಟ್ಟಿಲುಗಳ ಮೇಲೆ ನಿಲ್ಲುತ್ತದೆ ಎಂದು ನೀವು ಪಾಠ ಮಾಡಿರುತ್ತೀರಿ. ರುಬಿಡಿಯಂ ಎಂಬ ಲೋಹದ ಪರಮಾಣುವಿನಲ್ಲಿ ಮುಖ್ಯವಾದ ಮೊದಲ ಜಿಗಿತಕ್ಕೆ 780 ನ್ಯಾನೋಮೀಟರಿನ ಕೆಂಪು ಬೆಳಕು ಬೇಕು, ಅಂದರೆ ಸೆಕೆಂಡಿಗೆ 384 ಲಕ್ಷ ಕೋಟಿ ಕಂಪನ, 384 ಟೆರಾಹರ್ಟ್ಸ್. ನಮ್ಮ ಮೈಕ್ರೋವೇವ್ 14 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 1,400 ಕೋಟಿ ಕಂಪನದ ಆಸುಪಾಸಿನದು ಎಂದಿಟ್ಟುಕೊಳ್ಳಿ. ಅದರ ಒಂದು ಫೋಟಾನಿನ, ಅಂದರೆ ಅಲೆಯ ಅತಿ ಚಿಕ್ಕ ಕಣದ, ಶಕ್ತಿ ಆ ಮೆಟ್ಟಿಲಿನ ಇಪ್ಪತ್ತೇಳು ಸಾವಿರದಲ್ಲಿ ಒಂದು ಪಾಲು. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಆದರೆ ಈ ಮೆಟ್ಟಿಲುಗಳು ಒಂದೇ ಎತ್ತರದವಲ್ಲ, ಮೇಲೇರಿದಂತೆ ಗಿಡ್ಡವಾಗುತ್ತಾ ಹೋಗುತ್ತವೆ. ಯಾವ ಲೆಕ್ಕದಲ್ಲಿ ಗಿಡ್ಡವಾಗುತ್ತವೆ ಎಂಬುದರ ಸೂತ್ರವನ್ನು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಯೊಹಾನೆಸ್ ರಿಡ್‌ಬರ್ಗ್ 1888ರಲ್ಲಿ ಕಂಡುಕೊಂಡರು. ಎಲೆಕ್ಟ್ರಾನ್ ಎಂಬ ಕಣವೇ ಆಗಿನ್ನೂ ಪತ್ತೆಯಾಗಿರಲಿಲ್ಲ! ಬರೀ ರೋಹಿತದ ಗೆರೆಗಳನ್ನು ಅಳೆದು ಅಳೆದು ಹಿಡಿದ ಸೂತ್ರ. ಐವತ್ತನೆಯ ಮೆಟ್ಟಿಲಿನ ಸುತ್ತಮುತ್ತ ಒಂದಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಸರಿಯಾಗಿ ಮೈಕ್ರೋವೇವಿನ ಅಳತೆಗೆ ಇಳಿದಿರುತ್ತದೆ. ಎಲೆಕ್ಟ್ರಾನನ್ನು ಅಷ್ಟು ಮೇಲೆ ಏರಿಸಿ ನಿಲ್ಲಿಸಿದ ಪರಮಾಣುವಿಗೆ ರಿಡ್‌ಬರ್ಗ್ ಪರಮಾಣು ಎಂದೇ ಹೆಸರು.

ಅದರ ಗಾತ್ರ ಕೇಳಬೇಕು ನೀವು. ಸಾಮಾನ್ಯ ರುಬಿಡಿಯಂ ಪರಮಾಣು ಸುಮಾರು ಅರ್ಧ ನ್ಯಾನೋಮೀಟರ್ ಅಗಲ. 55ನೆಯ ಮಟ್ಟಕ್ಕೆ ಏರಿಸಿದರೆ ಅದು ಸುಮಾರು 300 ನ್ಯಾನೋಮೀಟರಿಗೆ ಹಿಗ್ಗುತ್ತದೆ. ಮಾತುಂಗಾದಲ್ಲಿದ್ದ ನಮ್ಮ ತಂದೆಯವರ ಹೋಟೆಲಿನ ಲೆಕ್ಕದಲ್ಲಿ ಹೇಳುವುದಾದರೆ ಒಗ್ಗರಣೆಯ ಸಾಸಿವೆ ಕಾಳೊಂದು ಉಬ್ಬಿ ದೋಸೆಯ ದೊಡ್ಡ ಕಾವಲಿಯಷ್ಟಾದಂತೆ. ಬೀಜದಿಂದ ಅಷ್ಟು ದೂರ ಹೋದ ಎಲೆಕ್ಟ್ರಾನಿಗೆ ಬೀಜದ ಹಿಡಿತ ಎಲ್ಲಿಯದು? ಹಬ್ಬಕ್ಕೆಂದು ಊರಿಗೆ ಹೋದ ಮಾಣಿಯ ಹಾಗೆ, ಹೋಟೆಲಿಗೆ ಸೇರಿದವನೇ, ಆದರೆ ಯಾರು ಕರೆದರೂ ಆ ಕಡೆ ಹೊರಳುತ್ತಾನೆ. ಎಲ್ಲಿಂದಲೋ ಬಂದ ಮಂದ ಮೈಕ್ರೋವೇವಿಗೂ ಅದು ಸ್ಪಂದಿಸುತ್ತದೆ.

ಇನ್ನು ಬೆಳಕಾಗುವ ಬಗೆ. ಇದನ್ನು ನಾನು ಅರ್ಥ ಮಾಡಿಕೊಂಡದ್ದು ತಂದೆಯವರ ಕಿರ್ದಿ ಪುಸ್ತಕದ ಮೂಲಕ. ರಾತ್ರಿ ಹತ್ತೂವರೆಗೆ ಬಾಗಿಲು ಎಳೆದ ಮೇಲೆ ಗಲ್ಲಾದ ಮುಂದೆ ಕುಳಿತು ಜಮಾ ಖರ್ಚು ತಾಳೆ ನೋಡುವುದು ನನ್ನ ಕೆಲಸವಾಗಿತ್ತು. ಒಂದು ಪೈಸೆ ಹೊಂದದಿದ್ದರೂ ಊಟವಿಲ್ಲ. ಪರಮಾಣು ನಮ್ಮ ತಂದೆಗಿಂತ ಬಿಗಿ.

ಪೋಲೆಂಡಿನ ವಾರ್ಸಾ ವಿಶ್ವವಿದ್ಯಾಲಯದವರು ಮಾಡಿದ ಪ್ರಯೋಗವನ್ನೇ ತೆಗೆದುಕೊಳ್ಳೋಣ, ಅವರ ಲೇಖನ 2024ರಲ್ಲಿ ಅಚ್ಚಾಗಿದೆ. ಗಾಜಿನ ಪುಟ್ಟ ಕೋಶದೊಳಗೆ ರುಬಿಡಿಯಂ ಆವಿ. ಮೊದಲು 780 ನ್ಯಾನೋಮೀಟರಿನ ಕೆಂಪು ಲೇಸರ್ ಎಲೆಕ್ಟ್ರಾನನ್ನು ನೆಲದಿಂದ ಮೊದಲ ಮಾಳಿಗೆಗೆ ತರುತ್ತದೆ. ಕಿರ್ದಿಯನ್ನು ಅಲ್ಲಿಂದ ಬರೆಯಿರಿ, ಒಂದು ಟೆರಾಹರ್ಟ್ಸ್ ಅಂದರೆ ಒಂದು ರೂಪಾಯಿ. 480 ನ್ಯಾನೋಮೀಟರಿನ ನೀಲಿ ಲೇಸರ್ ಎಲೆಕ್ಟ್ರಾನನ್ನು 55ನೆಯ ಮಟ್ಟಕ್ಕೆ ಎತ್ತುತ್ತದೆ: ಜಮಾ ಸುಮಾರು 624 ರೂಪಾಯಿ. ಈಗ ಹೊರಗಿನಿಂದ 13.9 ಗಿಗಾಹರ್ಟ್ಸ್ ಮೈಕ್ರೋವೇವ್ ಬರುತ್ತದೆ: ಜಮಾ ಒಂದು ಪೈಸೆ ಚಿಲ್ಲರೆ, ಅಷ್ಟೇ. ಆ ಪೈಸೆ ಎಲೆಕ್ಟ್ರಾನನ್ನು ತುಸು ಮೇಲಿನ ಇನ್ನೊಂದು ಮಟ್ಟಕ್ಕೆ ಸರಿಸುತ್ತದೆ. ಅಲ್ಲಿ 1258 ನ್ಯಾನೋಮೀಟರಿನ ಅವಕೆಂಪು (ಕಣ್ಣಿಗೆ ಕಾಣದ ಇನ್‌ಫ್ರಾರೆಡ್) ಲೇಸರ್ ಕಾದಿರುತ್ತದೆ, ಅದು ಎಲೆಕ್ಟ್ರಾನನ್ನು ಕೆಳಗಿಳಿಸುತ್ತದೆ: ಖರ್ಚು ಸುಮಾರು 238 ರೂಪಾಯಿ. ಉಳಿಯಿತಲ್ಲ 386 ರೂಪಾಯಿ, ಅದನ್ನು ಕಳೆಯದೆ ಲೆಕ್ಕ ಮುಗಿಯದು. ಎಲೆಕ್ಟ್ರಾನ್ ಆ ಮೊತ್ತವನ್ನು 776 ನ್ಯಾನೋಮೀಟರಿನ ಬೆಳಕಾಗಿ ಹೊರಗೆಸೆದು ಮೊದಲ ಮಾಳಿಗೆಗೆ ಮರಳುತ್ತದೆ. ಕಿರ್ದಿ ತಾಳೆಯಾಯಿತು.

ಇದರಲ್ಲಿ ಮೈಕ್ರೋವೇವಿನ ಪಾಲು ಒಂದು ಪೈಸೆ ಚಿಲ್ಲರೆ. ಆದರೆ ಅದು ಬಾರದಿದ್ದರೆ? ಎಲೆಕ್ಟ್ರಾನ್ 55ರಲ್ಲೇ ಉಳಿಯುತ್ತದೆ. ಅಲ್ಲಿಂದ ನೇರವಾಗಿ ಇಳಿಸುವ ಬಾಗಿಲು ಆ ಅವಕೆಂಪು ಲೇಸರಿಗೆ ಇಲ್ಲ, ಪಕ್ಕದ ಮಟ್ಟದಿಂದ ಮಾತ್ರ ಇದೆ. ಹಾಗಾಗಿ 776ರ ಬೆಳಕು ಹುಟ್ಟುವುದಿಲ್ಲ. ಮೈಕ್ರೋವೇವ್ ಹೆಚ್ಚಿದರೆ ಬೆಳಕು ಹೆಚ್ಚುತ್ತದೆ. ಮೈಕ್ರೋವೇವಿನ ಅಲೆ ಅರ್ಧ ಹೆಜ್ಜೆ ಹಿಂದೆ ಸರಿದರೆ ಬೆಳಕಿನ ಅಲೆಯೂ ಅರ್ಧ ಹೆಜ್ಜೆ ಸರಿಯುತ್ತದೆ. ದುಡ್ಡೆಲ್ಲ ಲೇಸರುಗಳದ್ದು, ಮಾತು ಮಾತ್ರ ಮೈಕ್ರೋವೇವಿನದು. ‘ಮೈಕ್ರೋವೇವ್ ಬೆಳಕಾಯಿತು’ ಎಂದು ಬರೆದ ನನ್ನ ಸಾಲಿನಲ್ಲಿ ಇದೇ ಬಿಟ್ಟುಹೋಗಿತ್ತು. ಒಂದು ಪೈಸೆ ತಾನೇ ಉಬ್ಬಿ 386 ರೂಪಾಯಿ ಆಯಿತು ಎಂದು ಮಕ್ಕಳು ತಿಳಿದರೆ ತಪ್ಪು ಅವರದಲ್ಲ, ನನ್ನದು.

ಪ್ರಶ್ನೆ: ಇದರಿಂದ ಹೋಟೆಲಿನ ಕರೆಂಟು ಬಿಲ್ ಇಳಿಯುವ ಸಾಧ್ಯತೆ ಇದೆಯೇ? ಮೊಬೈಲ್ ಟವರಿನ ಅಲೆಗಳು ಪುಕ್ಕಟೆ ಸಿಗುತ್ತವಲ್ಲ.
— ಹೋಟೆಲ್ ಮಾಲೀಕರು, ಚೆಂಬೂರು

ಉತ್ತರ: ಇಲ್ಲ ಶೆಟ್ಟರೇ. ಮೇಲಿನ ಕಿರ್ದಿಯನ್ನು ಇನ್ನೊಮ್ಮೆ ಓದಿ. ಮೂರು ಲೇಸರುಗಳಿಗೆ ಬಿಲ್ ಕಟ್ಟುವವರು ಯಾರು?

ಪ್ರಶ್ನೆ: ಸರ್, ಪುಣೆಯಿಂದ 80 ಕಿಲೋಮೀಟರ್ ದೂರದ ಖೋಡದಿನಲ್ಲಿರುವ ದೈತ್ಯ ರೇಡಿಯೊ ದೂರದರ್ಶಕವನ್ನು ನೋಡಲು ಕಾಲೇಜಿನಿಂದ ಹೋಗಿದ್ದೆವು. ಅಲ್ಲಿನ ಮೂವತ್ತು ಆಂಟೆನಾಗಳಿಂದ ಸಂಕೇತಗಳು ಆಪ್ಟಿಕಲ್ ಫೈಬರಿನಲ್ಲಿ ಬೆಳಕಾಗಿಯೇ ಬರುತ್ತವೆ. ಅದು ಎಷ್ಟೋ ವರ್ಷಗಳಿಂದ ನಡೆಯುತ್ತಿದೆ. ಹಾಗಿದ್ದರೆ ನಿಮ್ಮ ಪರಮಾಣುವಿನಲ್ಲಿ ಹೊಸದೇನಿದೆ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಪುಣೆ

ಉತ್ತರ: ಈ ಪತ್ರ ಓದಿ ಖುಷಿಯಾಯಿತು. ಅರ್ಧ ಗಂಟೆ ಮನಸ್ಸಿನಲ್ಲೇ ನಿಮ್ಮೊಡನೆ ಜಗಳವಾಡಿ, ಆಮೇಲೆ ನೀವು ಹೇಳಿದ್ದು ಸರಿ ಎಂದು ಒಪ್ಪಿಕೊಂಡೆ. ರೇಡಿಯೊವನ್ನು ಬೆಳಕಿನ ಮೇಲೆ ಕೂರಿಸುವುದು ಹಳೆಯ ವಿದ್ಯೆ. ಖೋಡದಿನಲ್ಲಿ 45 ಮೀಟರ್ ಅಗಲದ ತಟ್ಟೆ ಹಿಡಿದ ಕ್ಷೀಣ ಸಂಕೇತವನ್ನು ಮೊದಲು ಎಲೆಕ್ಟ್ರಾನಿಕ್ ವರ್ಧಕಗಳು ದೊಡ್ಡದು ಮಾಡುತ್ತವೆ, ಆಮೇಲೆ ಅದು ಲೇಸರಿನ ಬೆಳಕನ್ನು ಏರಿಳಿಸುತ್ತದೆ. ವರ್ಧಕ ಎಷ್ಟೇ ಒಳ್ಳೆಯದಿದ್ದರೂ ತನ್ನದೊಂದಿಷ್ಟು ಗದ್ದಲ ಸೇರಿಸಿಯೇ ಸೇರಿಸುತ್ತದೆ.

ನನ್ನ ಇಡೀ ನೌಕರಿ ಆ ಗದ್ದಲದ ಜೊತೆಗೇ ಕಳೆಯಿತು. ಟೆಲಿಫೋನ್ ಕರೆಗಳನ್ನು ಸಾಗಿಸುವ ಮೈಕ್ರೋವೇವ್ ಸರಣಿಯಲ್ಲಿ, ಘಟ್ಟದ ನೆತ್ತಿಯ ಮೇಲಿನ ಒಂದು ರಿಪೀಟರ್ ಠಾಣೆಯಲ್ಲಿ ಒಂಬತ್ತು ಮಳೆಗಾಲ ಇದ್ದವನು ನಾನು. ಈ ಕಡೆಯ ಗೋಪುರದಿಂದ ಬಂದದ್ದನ್ನು ಹಿಡಿ, ಬಲಪಡಿಸು, ಆ ಕಡೆಯ ಗೋಪುರಕ್ಕೆ ಎಸೆ. ಒಂದು ಜುಲೈನಲ್ಲಿ ವೇವ್‌ಗೈಡಿನ ಒಂದು ಜೋಡಣೆಯ ರಬ್ಬರು ಬಿರಿದು ಒಳಗೆ ನೀರು ಹೊಕ್ಕಿತು. ವೇವ್‌ಗೈಡ್ ಅಂದರೆ ಮೈಕ್ರೋವೇವ್ ಹರಿಯುವ ಆಯತಾಕಾರದ ಲೋಹದ ಕೊಳವೆ, ಒಳಗೆ ಒಣ ಗಾಳಿಯನ್ನು ಒತ್ತಿ ತುಂಬಿರಬೇಕು. ಮಂಜಿನಲ್ಲಿ ಟಾರ್ಚು ಹಿಡಿದು ಏಣಿ ಹತ್ತಿ ಎರಡು ರಾತ್ರಿ ಹುಡುಕಿದೆವು. ಇಯರ್‌ಫೋನ್ ಕಿವಿಗಿಟ್ಟರೆ ಎಣ್ಣೆಗೆ ಬೋಂಡಾ ಬಿಟ್ಟಂಥ ಚರಚರ ಸದ್ದು, ಅದರ ಅಡಿಯಲ್ಲೆಲ್ಲೋ ಮನುಷ್ಯರ ಧ್ವನಿ. ಸಂಕೇತ ಕುಗ್ಗಿದಷ್ಟೂ ನಾವು ವರ್ಧನೆ ಏರಿಸುತ್ತಿದ್ದೆವು, ವರ್ಧನೆ ಏರಿಸಿದಷ್ಟೂ ಬೋಂಡಾದ ಸದ್ದು ಏರುತ್ತಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬಂದ ಸಂಕೇತವೇ ಒಂದು ಫೋಟಾನಿನಷ್ಟು ಇದ್ದರೆ ಏನು ಮಾಡುತ್ತೀರಿ? ಅತಿವಾಹಕ, ಅಂದರೆ ವಿದ್ಯುತ್ತು ತಡೆಯಿಲ್ಲದೆ ಹರಿಯುವ ಲೋಹದಿಂದ ಮಾಡಿದ, ಕ್ವಾಂಟಂ ಕಂಪ್ಯೂಟರುಗಳ ಕಥೆ ಇದೇ. ಅವು 5 ಗಿಗಾಹರ್ಟ್ಸ್ ಆಸುಪಾಸಿನ ಮೈಕ್ರೋವೇವಿನಲ್ಲಿ ಮಾತಾಡುತ್ತವೆ, ಅದೂ ಕೆಲ್ವಿನ್ನಿನ ನೂರನೆಯ ಒಂದು ಭಾಗದಷ್ಟು, ಅಂದರೆ ಹೆಚ್ಚುಕಡಿಮೆ ಮೈನಸ್ 273 ಡಿಗ್ರಿಯಷ್ಟು, ತಣ್ಣನೆಯ ಡಬ್ಬಿಯೊಳಗೆ. ಅಷ್ಟು ತಂಪೇಕೆ? ಕೋಣೆಯ ಉಷ್ಣತೆಯಲ್ಲಿ ಗೋಡೆ, ಮೇಜು, ನೀವು, ನಾನು ಎಲ್ಲರೂ ಮೈಕ್ರೋವೇವ್ ಸೂಸುತ್ತಿರುತ್ತೇವೆ. 14 ಗಿಗಾಹರ್ಟ್ಸ್‌ನಲ್ಲಿ ಲೆಕ್ಕ ಹಾಕಿದರೆ ಅಲೆಯ ಒಂದೊಂದು ಬಗೆಗೂ ಸರಾಸರಿ ಸುಮಾರು 450 ಉಷ್ಣ ಫೋಟಾನುಗಳು. ದಾದರ್ ಸ್ಟೇಷನ್ನಿನಲ್ಲಿ ಸಂಜೆ ಆರೂವರೆಗೆ ಒಬ್ಬರು ಪಿಸುಗುಟ್ಟಿದ್ದನ್ನು ಕೇಳಿಸಿಕೊಳ್ಳಬೇಕಾದ ಪಾಡು. ಅದೇ ಕೋಣೆಯಲ್ಲಿ 776 ನ್ಯಾನೋಮೀಟರಿನ ಬೆಳಕಿಗೆ ಅಂಥ ಕಾಟವೇ ಇಲ್ಲ. ಗೋಡೆಗಳು ಆ ಬಣ್ಣದಲ್ಲಿ ಹೊಳೆಯಬೇಕಾದರೆ ಮನೆಗೆ ಬೆಂಕಿ ಬಿದ್ದಿರಬೇಕು. ಆದ್ದರಿಂದ ಬೆಳಕಾದ ಒಂದೊಂದೇ ಫೋಟಾನನ್ನು ಎಣಿಸಬಹುದು, ಫೈಬರಿನಲ್ಲಿ ಊರಿಂದೂರಿಗೆ ಕಳಿಸಬಹುದು.

ಅಂಥ ಫೋಟಾನನ್ನು ಮೊದಲು ಅಳೆದು, ಬರೆದುಕೊಂಡು, ಆಮೇಲೆ ಬೆಳಕಿನಲ್ಲಿ ಹೊಸದಾಗಿ ತಯಾರಿಸುವ ಹಾಗೂ ಇಲ್ಲ, ಅಳೆದ ಕ್ಷಣವೇ ಅದರ ಕ್ವಾಂಟಂ ಸ್ಥಿತಿ ಕೆಡುತ್ತದೆ. ಪರಮಾಣು ಮಾತ್ರ ಪತ್ರವನ್ನು ಒಡೆದು ಓದದೆ ಲಕೋಟೆಯನ್ನಷ್ಟೇ ಬದಲಾಯಿಸುತ್ತದೆ. ಮೂವತ್ತು ವರ್ಷ ಸಂಕೇತ ಓದಿ ಓದಿ ದಾಟಿಸಿದ ನನಗೆ ಈ ಓದದೆ ದಾಟಿಸುವ ಕಸುಬನ್ನು ನೋಡಿ ನಿಜವಾಗಿ ಹೊಟ್ಟೆಕಿಚ್ಚಾಗುತ್ತದೆ.

ಎಲ್ಲಿಯವರೆಗೆ ಬಂದಿದ್ದಾರೆ? 2018ರಲ್ಲಿ ಸಿಂಗಪುರದವರು ತಣ್ಣಗೆ ಮಾಡಿದ ರುಬಿಡಿಯಂ ಮೋಡದಲ್ಲಿ ಇದನ್ನು ಮಾಡಿ ತೋರಿಸಿದಾಗ ಸಾವಿರ ಫೋಟಾನಿಗೆ ಮೂರು ದಾಟಿದವು. 2022ರಲ್ಲಿ ಚೀನಾದ ಗುವಾಂಗ್‌ಝೌನವರು ಶೇಕಡಾ 82 ಎಂದರು. 2023ರಲ್ಲಿ ಷಿಕಾಗೊದವರು 100 ಗಿಗಾಹರ್ಟ್ಸ್‌ನ ಅಲೆಯನ್ನು 5 ಕೆಲ್ವಿನ್ ತಂಪಿನ ಅತಿವಾಹಕ ಪೆಟ್ಟಿಗೆಯೊಳಗಿನ ರುಬಿಡಿಯಂನಿಂದ ಶೇಕಡಾ 58ರಷ್ಟು ದಾಟಿಸಿದರು. ವಾರ್ಸಾದವರ ಹೆಚ್ಚುಗಾರಿಕೆ ತಂಪೇ ಬೇಡ ಎಂದದ್ದು. ಅವರ ಗಾಜಿನ ಕೋಶ ಮಾಮೂಲಿ ಕೋಣೆಯಲ್ಲಿ, ಎಡೆಬಿಡದೆ ಕೆಲಸ ಮಾಡುತ್ತದೆ, ಕೋಣೆಯ ಗೋಡೆಗಳೇ ಸೂಸುವ ಉಷ್ಣ ಮೈಕ್ರೋವೇವನ್ನೂ ಬೆಳಕಾಗಿಸಿ ಎಣಿಸುವಷ್ಟು ಸೂಕ್ಷ್ಮ.

ಈ ಶೇಕಡಾಗಳನ್ನು ಪರೀಕ್ಷೆಯ ಅಂಕಗಳಂತೆ ಸಾಲಾಗಿ ನಿಲ್ಲಿಸಬೇಡಿ. ತೆರೆದ ಜಾಗದಲ್ಲಿ ಮಾಡುವ ಪ್ರಯೋಗಗಳಲ್ಲಿ ಲೆಕ್ಕ ಹಿಡಿಯುವುದು ಪರಮಾಣುಗಳ ಮೋಡದ ಮೇಲೆ ನಿಜವಾಗಿ ಬಿದ್ದ ಮೈಕ್ರೋವೇವನ್ನು ಮಾತ್ರ. 14 ಗಿಗಾಹರ್ಟ್ಸ್‌ನ ಒಂದು ಅಲೆ ಎರಡು ಸೆಂಟಿಮೀಟರಿಗೂ ಉದ್ದ, ಲೇಸರಿನ ಕಿರಣ ಹುರಿದಾರದಷ್ಟು ತೆಳು. ಹೆಚ್ಚಿನ ಪಾಲು ಪಕ್ಕದಿಂದಲೇ ಹಾದುಹೋಗುತ್ತದೆ. ಷಿಕಾಗೊದವರು ಪೆಟ್ಟಿಗೆ ಕಟ್ಟಿದ್ದು ಈ ಸೋರಿಕೆ ತಡೆಯಲು. ಆ ಪೆಟ್ಟಿಗೆಗೆ ತಂಪು ಬೇಕು, ತಂಪಿಗೆ ಯಂತ್ರ ಬೇಕು. ನನ್ನ ಅಭಿಪ್ರಾಯ ಕೇಳಿದರೆ, ಪ್ರಯೋಗಾಲಯದ ಕಂಬಳಿ ಹೊದಿಕೆಯಿಂದ ಹೊರಗೆ ಮೊದಲು ಬರುವುದು ವಾರ್ಸಾದ ಮಾದರಿಯ ಗಾಜಿನ ಕೋಶವೇ, ಅದೂ ಕ್ವಾಂಟಂ ಕಂಪ್ಯೂಟರಿಗಾಗಿ ಅಲ್ಲ, ಮಾಪನಕ್ಕಾಗಿ.

ಪ್ರಶ್ನೆ: ನಾನು ಮೂವತ್ತೆರಡು ವರ್ಷ ಹಡಗಿನಲ್ಲಿ ರೇಡಿಯೊ ಅಧಿಕಾರಿಯಾಗಿದ್ದೆ. ಆಂಟೆನಾ ಇಲ್ಲದೆ, ಕೇವಲ ಗಾಜಿನ ಬುರುಡೆಯಿಂದ ರೇಡಿಯೊ ಕೇಳಬಹುದು ಎಂದು ಮೊಮ್ಮಗ ಹೇಳುತ್ತಾನೆ. ನಂಬಬಹುದೇ?
— ವಾಸ್ಕೊ, ಗೋವಾ

ಉತ್ತರ: ನಂಬಿ ಸಾಹೇಬರೇ, ಮೊಮ್ಮಗ ಸರಿಯಾಗಿಯೇ ಹೇಳಿದ್ದಾನೆ. ಆದರೆ ಇದು ಮೇಲಿನದರ ಚಿಕ್ಕಪ್ಪನ ಮಗ, ಅದೇ ಅಲ್ಲ. ಕೋಶದೊಳಗಿನ ಆವಿ ಕೆಂಪು ಲೇಸರನ್ನು ಹೀರಿಕೊಳ್ಳುತ್ತದೆ. ನೀಲಿ ಲೇಸರನ್ನೂ ಜೊತೆಗೆ ಹಾಯಿಸಿದರೆ ಒಂದು ನಿಖರವಾದ ಬಣ್ಣಕ್ಕೆ ಆವಿ ಪಾರದರ್ಶಕವಾಗುತ್ತದೆ, ಪರದೆಯಲ್ಲಿ ಸಣ್ಣ ಕಿಟಕಿ ತೆರೆದ ಹಾಗೆ. ರಿಡ್‌ಬರ್ಗ್ ಪರಮಾಣುಗಳನ್ನು ಈ ಕಿಟಕಿಯ ಮೂಲಕ ನೋಡಬಹುದೆಂದು ಇಂಗ್ಲೆಂಡಿನ ಡರ್ಹಮ್‌ನಲ್ಲಿ 2007ರಲ್ಲಿ ತೋರಿಸಿದ ಲೇಖನದ ಮೊದಲ ಲೇಖಕರು ಅಶೋಕ್ ಮೊಹಾಪಾತ್ರ. ಮುಂದೆ ಅವರು ಭುವನೇಶ್ವರದ ನೈಸರ್ ಎಂಬ ವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಇದೇ ಕೆಲಸ ಮುಂದುವರಿಸಿದರು.

ಮೈಕ್ರೋವೇವ್ ಬಿದ್ದರೆ ಆ ಒಂದು ಕಿಟಕಿ ಎರಡಾಗಿ ಸೀಳುತ್ತದೆ. ಎರಡರ ನಡುವಿನ ಅಂತರ ಅಳೆದರೆ ಅಲೆಯ ಬಲ ಸಿಕ್ಕಿತು. 2012ರಲ್ಲಿ ಅಮೆರಿಕದ ಒಕ್ಲಹೋಮಾದ ಗುಂಪು ಹೀಗೆ ಅಳೆದು ತೋರಿಸಿತು. ಅಳತೆಗೋಲು ಪರಮಾಣುವೇ ಆದ್ದರಿಂದ ಗೋವಾದ ರುಬಿಡಿಯಂ, ಪೋಲೆಂಡಿನ ರುಬಿಡಿಯಂ ಎಂಬ ಭೇದವಿಲ್ಲ, ವರ್ಷಕ್ಕೊಮ್ಮೆ ಉಪಕರಣ ಹೊತ್ತುಕೊಂಡು ತಾಳೆ ನೋಡಿಸಲು ಓಡುವ ಕೆಲಸ ತಪ್ಪುತ್ತದೆ. ಆ ಓಟ ಎಂಥದೆಂದು ನಿಮಗೂ ಗೊತ್ತು, ನನಗೂ ಗೊತ್ತು. ಅಮೆರಿಕದ ಅಳತೆ ಮಾನದಂಡಗಳ ಸಂಸ್ಥೆಯವರು 2022ರಲ್ಲಿ ಇಂಥ ಕೋಶದಿಂದ ಬಣ್ಣದ ವಿಡಿಯೊ ಚಿತ್ರವನ್ನೇ ಹಿಡಿದು ತೋರಿಸಿದರು. ಇಲ್ಲಿ ಮೈಕ್ರೋವೇವ್ ಕೆಂಪು ಲೇಸರಿನ ಮೇಲೆ ನೆರಳು ಬೀಳಿಸುತ್ತದೆ, ಹೊಸ ಬೆಳಕು ಹುಟ್ಟಿಸುವುದಿಲ್ಲ. ವ್ಯತ್ಯಾಸ ಅಷ್ಟೇ.

ರುಬಿಡಿಯಂ ಬಗ್ಗೆ ಎಚ್ಚರಿಕೆಯ ಒಂದು ಮಾತು: ಅದು 39 ಡಿಗ್ರಿಗೆ ಕರಗುತ್ತದೆ, ಅಂದರೆ ಮೇ ತಿಂಗಳ ಕಲಬುರಗಿಯಲ್ಲಿ ಕಿಟಕಿಯ ಹತ್ತಿರ ಇಟ್ಟರೆ ಸಾಕು. ಗಾಳಿ ತಗುಲಿದರೆ ಹೊತ್ತಿಕೊಳ್ಳುತ್ತದೆ, ನೀರು ಬಿದ್ದರೆ ಸಿಡಿಯುತ್ತದೆ. ಮೊಮ್ಮಗ ತರಿಸಿಕೊಡಿ ಎಂದು ಹಟ ಹಿಡಿದರೆ ಒಪ್ಪಬೇಡಿ.

ಪ್ರಶ್ನೆ: ಕಳೆದ ತಿಂಗಳ ಅಂಕಣದಲ್ಲಿ ಎರಡು ಕಡೆ ‘ಪರಮಾಣು’ ಬದಲು ‘ಅಣು’ ಎಂದು ಬರೆದಿದ್ದೀರಿ. ವಿಜ್ಞಾನ ಬರೆಯುವವರು ಹೀಗೆ ಮಾಡಬಹುದೇ?
— ನಿವೃತ್ತ ಮುಖ್ಯೋಪಾಧ್ಯಾಯರು, ವಡಾಲಾ

ಉತ್ತರ: ಮಾಡಬಾರದು. ಮೂರು ಕಡೆ, ಗುರುಗಳೇ, ಚಿತ್ರದ ಕೆಳಗಿನ ಸಾಲಿನಲ್ಲಿ ಇನ್ನೊಂದಿದೆ.

ಪ್ರಶ್ನೆ: ನಮ್ಮ ಟೀಚರು ನಿಮಗೆ ಪತ್ರ ಬರೆದಿದ್ದಾರಂತೆ. ನಾನೂ ಬರೆದಿದ್ದೇನೆ. ಪರಮಾಣುವಿನಿಂದ ಬರುವ ಆ ಬೆಳಕು ಕಣ್ಣಿಗೆ ಕಾಣುತ್ತದೆಯೇ? ಯಾವ ಬಣ್ಣ?
— ಒಂಬತ್ತನೆಯ ತರಗತಿ, ಡೊಂಬಿವಲಿ

ಉತ್ತರ: ಕಾಣುವುದಿಲ್ಲ ಮಗು. 776 ನ್ಯಾನೋಮೀಟರ್ ಅಂದರೆ ಕೆಂಪಿನ ಕಟ್ಟಕಡೆಯ ಅಂಚು, ಅಲ್ಲಿ ನಮ್ಮ ಕಣ್ಣು ಹೆಚ್ಚುಕಡಿಮೆ ಕುರುಡು. ಅಲ್ಲದೆ ಪಕ್ಕದಲ್ಲೇ 780ರ ಲೇಸರ್ ಧಗಧಗ ಅನ್ನುತ್ತಿರುತ್ತದೆ. ಎರಡರ ನಡುವೆ ಬರೀ ನಾಲ್ಕು ನ್ಯಾನೋಮೀಟರ್ ಅಂತರ. ಸೋಸುಗಾಜುಗಳಿಂದ ಲೇಸರನ್ನು ತಡೆದು, ಉಳಿದ ಬೆಳಕನ್ನು ಫೋಟಾನ್ ಎಣಿಸುವ ಸಾಧನದೊಳಗೆ ಬಿಡುತ್ತಾರೆ. ಅಲ್ಲಿರುವವರಿಗೂ ಕಾಣುವುದು ಪರದೆಯ ಮೇಲಿನ ಅಂಕಿಗಳು ಮಾತ್ರ.

ಆದರೆ ಕಣ್ಣಿಗೆ ಕಾಣದ ಬೆಳಕನ್ನು ನೀನು ಇವತ್ತೇ ನೋಡಬಹುದು. ಟಿ.ವಿ. ರಿಮೋಟಿನ ಮೂತಿಯನ್ನು ಮೊಬೈಲಿನ ಮುಂಭಾಗದ ಕ್ಯಾಮೆರಾಗೆ ಹಿಡಿದು, ಕೋಣೆಯ ದೀಪ ಆರಿಸಿ ಗುಂಡಿ ಒತ್ತು. ಪರದೆಯಲ್ಲಿ ನೇರಳೆ ಬಣ್ಣದ ಚುಕ್ಕೆ ಮಿಟುಕುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಹಲವು ಸಲ ಕಾಣುವುದಿಲ್ಲ, ಅದಕ್ಕೆ ಅವಕೆಂಪನ್ನು ತಡೆಯುವ ಗಾಜು ಹಾಕಿರುತ್ತಾರೆ. ಎರಡರಲ್ಲೂ ಕಾಣದಿದ್ದರೆ ನನಗೆ ಪತ್ರ ಬರೆಯುವ ಮುಂಚೆ ರಿಮೋಟಿನ ಸೆಲ್ ಬದಲಾಯಿಸು.